ಕಡ್ಲಿ ಹೊಲದಾಗ ಹಾಸಿದ ಧೋತರ

ಸೈಕಲ್ ಮೊದಲ ತಗ್ಗಿಗೆ ಇಳಿದದ್ದೇ ತಡ, ಮೊಣಕಾಲಿನಿಂದ ಕೆಳಗೆ ಬಾವಿಗೆ ಕಾಲು ಬಿಟ್ಟಂತಾಯಿತು. ಅಷ್ಟು ತಣ್ಣಗೆ! ನಾಲಾದ ಮೇಲಿನ ಸಣ್ಣ ಸೇತುವೆ ದಾಟಿ ಏರು ಹತ್ತಿದೆ. ಹತ್ತು ಸಲ ಪೆಡಲ್ ತುಳಿಯುವುದರೊಳಗೆ ಚಳಿ ಕಾಲು ಬಿಟ್ಟು ಹೋಗಿ, ಮುಖಕ್ಕೆ ಬೆಚ್ಚನೆಯ ಗಾಳಿಯೊಂದು ತಾಗಿತು. ಭ್ರಮೆ ಇರಬೇಕು ಅಂದುಕೊಂಡು ಸೈಕಲ್ ತಿರುಗಿಸಿ ಮತ್ತೆ ತಗ್ಗಿಗೆ ಇಳಿದೆ. ಮತ್ತೆ ಬಾವಿ. ಏರಿದೆ, ಮತ್ತೆ ಬೆಚ್ಚಗೆ. ಮೂರನೇ ಸಲ ಇಳಿಯುವಾಗ, ಹಾಲಿನ ಕ್ಯಾನು ಕಟ್ಟಿಕೊಂಡು ಮೋಟರ್‌ಸೈಕಲ್ ಮೇಲೆ ಹೊರಟವನೊಬ್ಬ ಗಾಡಿ ನಿಲ್ಲಿಸಿ, "ಏನ್ ಬಿದ್ದದ್ರಿ? ಹುಡಕಲತ್ತೀರೇನು?" ಎಂದ. ಏನು ಹೇಳಲಿ? ಚಳಿ ಎಲ್ಲಿಂದ ಶುರುವಾಗುತ್ತದೆ ಅಂತ ಹುಡುಕುತ್ತಿದ್ದೇನೆ ಅನ್ನಲೇ? "ಏನಿಲ್ರಿ" ಅಂದೆ. ಅವನು ನನ್ನ ಮುಖ ನೋಡಿದ, ಸೈಕಲ್ ನೋಡಿದ, ಗಾಡಿ ಎಬ್ಬಿಸಿಕೊಂಡು ಹೋದ.

ಸೈಕಲ್ ನೋಡಿದ್ದರಲ್ಲಿ ತಪ್ಪಿಲ್ಲ. ಮುಂದೆ ಬುಟ್ಟಿ ಇರುವ ಹುಡುಗಿಯರ ಸೈಕಲ್ ಅದು. ನಿರ್ಣಾದಲ್ಲಿರುವ ನಮ್ಮಕ್ಕನ ಮಗಳಿಗೆ ಎಂಟನೇ ಇಯತ್ತೆಯಲ್ಲಿ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್‌ಗಳು ಈ ಭಾಗದ ಊರೂರಿನಲ್ಲೂ ಇನ್ನೂ ಗೋಡೆಗೊರಗಿ ನಿಂತಿವೆ. ಕೆಲವು ಬಾಳೆಕಾಯಿ ಹೊರುತ್ತವೆ, ಕೆಲವಕ್ಕೆ ಮೇವಿನ ಸಿವುಡು ಕಟ್ಟುತ್ತಾರೆ, ಕೆಲವು ನನ್ನಂಥ ಬೆಂಗಳೂರಿನಿಂದ ಬಂದ ಮಾಮಾಗಳನ್ನು ಹೊರುತ್ತವೆ. ಎಳ್ಳಮಾಸಿ ಮುಗಿದು ವಾರ ಕಳೆದಿತ್ತು. ಅಕ್ಕನ ಮನೆಯಲ್ಲಿ ಸಜ್ಜಿ ರೊಟ್ಟಿ ಇನ್ನೂ ಉಳಿದಿತ್ತು, ಶೇಂಗಾ ಹೋಳಿಗೆಯೂ. ತಿಂದು ತಿಂದು ಮೈ ಭಾರವಾಗಿದೆ, ಒಂದು ಸುತ್ತು ಹೋಗಿ ಬರೋಣ ಅಂತ ಇನ್ನೂ ಕತ್ತಲಿರುವಾಗಲೇ ಹೊರಟವನು ನಾನು. ವ್ಯಾಯಾಮಕ್ಕೆ ಹೊರಟವನಿಗೆ ಏನು ಕಂಡೀತು ಅನ್ನುತ್ತೀರಾ? ನನಗೂ ಹಾಗೇ ಅನಿಸಿತ್ತು.

ಈ ದಾರಿ ನನಗೆ ಹೊಸದಲ್ಲ. ನಿರ್ಣಾ ಈಗ ಬೀದರ್ ಜಿಲ್ಲೆಯ ಚಿಟಗುಪ್ಪ ತಾಲ್ಲೂಕು. 2018ಕ್ಕೆ ಮೊದಲು ಹುಮನಾಬಾದಿಗೆ ಸೇರಿತ್ತು. ಬಸ್ಸಿನಲ್ಲಿ, ಜೀಪಿನಲ್ಲಿ, ಭಾವನ ಮೋಟರ್‌ಸೈಕಲ್ ಹಿಂದೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಈ ರಸ್ತೆಯಲ್ಲಿ ಏರು ತಗ್ಗುಗಳಿವೆ ಅಂತ ಆ ಮುಂಜಾನೆವರೆಗೂ ನನಗೆ ಗೊತ್ತೇ ಇರಲಿಲ್ಲ! ಎಂಜಿನ್ನಿಗೆ ಗೊತ್ತಿತ್ತೇನೋ, ನನಗಿರಲಿಲ್ಲ. ಸೈಕಲ್ ಮೇಲೆ ಕೂತ ಮೇಲೆ ತೊಡೆಗೆ ಗೊತ್ತಾಯಿತು, ಆಮೇಲೆ ಚರ್ಮಕ್ಕೆ ಗೊತ್ತಾಯಿತು. ರಾತ್ರಿ ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಭಾರವಾದದ್ದು ಸುಮ್ಮನಿರುವುದಿಲ್ಲ, ನೀರಿನ ಹಾಗೆ ಇಳಿಜಾರು ಹುಡುಕಿಕೊಂಡು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಂದರೆ ಗಾಳಿಗೂ ಕೆರೆಯಿದೆ, ಒಡ್ಡಿದೆ, ದಂಡೆಯಿದೆ. ನಾನು ಮೂರು ಸಲ ಇಳಿದದ್ದು ಅಂಥದೊಂದು ಕೆರೆಗೆ. ಬೆಳಕು ಸ್ವಲ್ಪ ಹರಿದ ಮೇಲೆ ಅದರ ದಂಡೆ ಕಣ್ಣಿಗೂ ಕಂಡಿತು. ನಾಲಾದ ಉದ್ದಕ್ಕೂ ಮಂಜು ಗೆರೆ ಕೊರೆದಂತೆ ಮಟ್ಟಸವಾಗಿ ನಿಂತಿತ್ತು, ಜಾಲಿ ಗಿಡಗಳ ತಲೆ ಮಾತ್ರ ಮೇಲೆ.

ಆಮೇಲೆ ಕಿವಿ. ಏರಿನ ನೆತ್ತಿಯಲ್ಲಿ ಉಸಿರು ಬಿಡಲು ನಿಂತೆ. ಎಲ್ಲೋ ಲಾರಿ ಗೇರು ಬದಲಿಸಿದ ಸದ್ದು, ಇಲ್ಲೇ ಪಕ್ಕದ ಹೊಲದಲ್ಲಿ ಎಂಬಷ್ಟು ಸ್ಪಷ್ಟ. ತಿರುಗಿ ನೋಡಿದರೆ ಯಾವ ಲಾರಿಯೂ ಇಲ್ಲ. ಮನ್ನಾಎಖೇಳ್ಳಿಯ ಮೇಲೆ ಹಾಯುವ ಹೈದರಾಬಾದ್-ಪುಣೆ ಹೆದ್ದಾರಿಯ ಸದ್ದು ಅದು! ಹಗಲು ಅಕ್ಕನ ಮನೆಯ ಮಾಳಿಗೆ ಮೇಲೆ ನಿಂತು ಕಿವಿಗೊಟ್ಟರೂ ಕೇಳದ ಹೆದ್ದಾರಿ, ಬೆಳಗಿನ ಜಾವ ಹೊಲದೊಳಗೆ ಬಂದುಬಿಟ್ಟಿದೆ. ಕಾರಣ ಆ ತಣ್ಣನೆಯ ಗಾಳಿಯೇ. ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇದ್ದಾಗ ಸದ್ದು ಆಕಾಶಕ್ಕೆ ಹಾರಿ ಹೋಗುವ ಬದಲು ಬಾಗಿ ನೆಲಕ್ಕೇ ಮರಳುತ್ತದೆ. ಬಿಸಿಲೇರಿದರೆ ಪದರು ತಿರುಗುಮುರುಗಾಗುತ್ತದೆ, ಸದ್ದು ಮೇಲಕ್ಕೆ ಬಾಗಿ ಕಳೆದುಹೋಗುತ್ತದೆ. ಬೆಳಗಿನ ಬಾಂಗು, ಗುಡಿಯ ಮೈಕಿನ ಭಜನೆ, ಯಾವುದೋ ಊರಿನ ಹಿಟ್ಟಿನ ಗಿರಣಿ ಎಲ್ಲ ಒಂದೇ ಅಂಗಳದಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತಿದ್ದವು. ಹಿಂದಿನವರು "ನಸುಕಿನಾಗ ಮಾತು ದೂರ ಹೋಗ್ತದ, ಬಾಯಿ ಹಿಡಿ" ಅಂತ ಬಯ್ಯುತ್ತಿದ್ದದ್ದು ಬರೀ ಬೈಗುಳವಲ್ಲ, ಭೌತಶಾಸ್ತ್ರ.

ಮುಂದೆ ರಸ್ತೆ ಬದಿಗೆ ಒಂದು ಹುಣಸೆ ಮರ. ಮರದ ಆಕಾರ ಎಂದಿನಂತಿರಲಿಲ್ಲ, ಬಡವಾದ ಹಾಗೆ, ಎಲೆ ಉದುರಿದ ಹಾಗೆ ಕಂಡಿತು. ಹತ್ತಿರ ಹೋಗಿ ಮೊಬೈಲ್ ಬೆಳಕು ಬಿಟ್ಟೆ. ಎಲೆ ಉದುರಿರಲಿಲ್ಲ, ಮಲಗಿತ್ತು! ಒಂದೊಂದು ದಂಟಿನ ಎರಡೂ ಬದಿಯ ಪುಟ್ಟ ಎಲೆಗಳು ಕೈ ಮುಗಿದಂತೆ ಜೋಡಿ ಜೋಡಿಯಾಗಿ ಮಡಚಿಕೊಂಡಿದ್ದವು. ಹುಣಸೆ ಮರದ ಕೆಳಗೆ ಆಡಿ, ಕಲ್ಲು ಹೊಡೆದು, ಬೈಸಿಕೊಂಡು ಬೆಳೆದವನು ನಾನು. ಅದು ಮಲಗುತ್ತದೆ ಅಂತ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತೆ? ಅಲೆಕ್ಸಾಂಡರನ ಕಡೆಯ ಆಂಡ್ರೊಸ್ಥೆನಿಸ್ ಎಂಬ ಗ್ರೀಕ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಇಂದಿನ ಬಹ್ರೇನ್ ದ್ವೀಪದಲ್ಲಿ ಇದನ್ನು ಕಂಡು ಬರೆದಿಟ್ಟ. ಅವನು ಕಂಡದ್ದು ಹುಣಸೆಯೇ ಅಂತ ಬಲ್ಲವರ ಊಹೆ. 1729ರಲ್ಲಿ ಫ್ರಾನ್ಸಿನ ದ ಮೈರಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಟ್ಟಿದರೆ ಮುನಿ ಜಾತಿಯ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಸೂರ್ಯ ಕಾಣದಿದ್ದರೂ ಬೆಳಗಾದಾಗ ಅದು ಎಲೆ ಬಿಚ್ಚಿತು. ಗಿಡದೊಳಗೇ ಗಡಿಯಾರ! ನಮ್ಮ ನಿಮ್ಮ ಮೈಯೊಳಗೂ ಇರುವ ಅಂಥ ಗಡಿಯಾರದ ಯಂತ್ರ ಬಿಚ್ಚಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ವಾಪಸ್ ಬರುವಾಗ ಈ ಹುಣಸೆ ಎಲೆ ಬಿಚ್ಚುವುದನ್ನು ನೋಡಲೇಬೇಕು ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಹೊರಟೆ.

ಬೆಳಕು ಹರಿಯುತ್ತಿತ್ತು. ಅಷ್ಟರಲ್ಲಿ ನೆಲದ ಬಣ್ಣ ಬದಲಾಯಿತು.

ಇದನ್ನು ಮೋಟರ್‌ಸೈಕಲ್ ಮೇಲೆ ಹೋಗುವವರು ನೋಡಿಯೇ ಇರುವುದಿಲ್ಲ ಅಂತ ಪಣ ಕಟ್ಟುತ್ತೇನೆ. ಅಲ್ಲಿಯವರೆಗೆ ದಂಡೆಯ ಮಣ್ಣು ಕೆಂಪಿತ್ತು, ಇಟ್ಟಿಗೆ ಪುಡಿ ಚೆಲ್ಲಿದ ಹಾಗೆ. ಇಳಿಜಾರು ಶುರುವಾಗಿ ನಾಲ್ಕು ಮಾರು ಹೋಗುವುದರೊಳಗೆ ಕಪ್ಪು. ನಡುವೆ ಕಂದು ಬಣ್ಣದ ಒಂದು ಪಟ್ಟಿ, ಅಷ್ಟೇ. ಸೈಕಲ್ ಮಲಗಿಸಿ ಕೆಳಗೆ ಕೂತೆ. ಕೆಂಪಿನ ಕಡೆ ತೂತು ತೂತಾದ ಕಲ್ಲು, ಜೇನು ಹುಟ್ಟು ಹಿಡಿದಂತೆ. ಕಪ್ಪಿನ ಕಡೆ ಬಿರುಕು ಬಿಟ್ಟ ಎರಿ ಭೂಮಿ. ಈ ಕೆಂಪು ಕಲ್ಲೇ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಬೀದರ್ ಕೋಟೆಯ ಕಂದಕ ಕಡಿದದ್ದು ಇದರಲ್ಲೇ. ಮಲಬಾರಿನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕೊಯ್ದು ಮನೆ ಕಟ್ಟುವುದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದಲೇ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ.

ಆದರೆ ತಮಾಷೆ ಏನು ಗೊತ್ತೆ? ಕೆಂಪು ಬೇರೆ, ಕಪ್ಪು ಬೇರೆ ಅಲ್ಲವೇ ಅಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಪದರು ಪದರಾಗಿ ಹರಿದು ಗಟ್ಟಿಯಾದ ಲಾವಾ ಕಲ್ಲೇ ಎರಡಕ್ಕೂ ಮೂಲ. ಮೇಲೆ ಉಳಿದ ಕಲ್ಲನ್ನು ಆ ಕಾಲದ ಮಳೆ ಮತ್ತು ಸೆಕೆ ಲಕ್ಷಾಂತರ ವರ್ಷ ತೊಳೆದು ತೊಳೆದು, ಕರಗುವುದೆಲ್ಲ ಕರಗಿ, ಕಬ್ಬಿಣ ಅಲ್ಯೂಮಿನಿಯಂ ಮಾತ್ರ ಉಳಿದು ತುಕ್ಕು ಹಿಡಿದು ಕೆಂಪಾಯಿತು. ಈ ಮೇಲಿನ ಟೊಪ್ಪಿಗೆ ತೂತು ತೂತಾದ್ದರಿಂದ ಮಳೆ ನೀರನ್ನು ಸ್ಪಂಜಿನಂತೆ ಹೀರಿ ಕೆಳಗೆ ಬಿಡುತ್ತದೆ. ಕೆಳಗಿನ ಜೇಡಿ ಮತ್ತು ಕರಿಕಲ್ಲು ಅದನ್ನು ತಡೆಯುತ್ತವೆ. ದಾರಿ ಸಿಗದ ನೀರು ಅಡ್ಡ ಹರಿದು, ಟೊಪ್ಪಿಗೆಯ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಬೀದರಿನ ನರಸಿಂಹ ಝರಣಿಯಲ್ಲಿ ಎದೆಮಟ್ಟ ನೀರಲ್ಲಿ ನಡೆದು ದೇವರ ದರ್ಶನ ಮಾಡಿದವರು, ಗುರುನಾನಕ್ ಝೀರಾದ ನೀರು ಕುಡಿದವರು ಕಂಡದ್ದು ಈ ಅಂಚನ್ನೇ. ಬಹಮನಿ ಕಾಲದವರು ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ನಡೆಸಿದ್ದು, ಅದೇ ಆ ಸುರಂಗ ಬಾವಿ, ಈ ಗುಟ್ಟು ತಿಳಿದೇ. ನಾನು ಅದೇ ಗುಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಕೈಯಲ್ಲಿ ಕೆಂಪು ಮಣ್ಣು, ಇನ್ನೊಂದು ಕೈಯಲ್ಲಿ ಕಪ್ಪು ಮಣ್ಣು ಹಿಡಿದಿದ್ದೆ. ಯಾರಾದರೂ ನೋಡಿದ್ದರೆ ಭಾನಾಮತಿ ಮಾಡಲು ಬಂದವನು ಅಂದುಕೊಳ್ಳುತ್ತಿದ್ದರು!

ಇನ್ನೊಂದು ಹುಚ್ಚೂ ಹತ್ತಿತು. ಬೀದರ್ ಜಿಲ್ಲೆಯ ಮೇಲೆ ಬೀಳುವ ಮಳೆ ಎರಡು ಪಾಲಾಗುತ್ತದೆ. ಕಾರಂಜಾ ಮತ್ತು ಮಾಂಜ್ರಾ ಹಿಡಿದ ನೀರು ಗೋದಾವರಿಗೆ, ಮುಲ್ಲಾಮಾರಿ ಹಿಡಿದದ್ದು ಭೀಮಾ ಸೇರಿ ಕೃಷ್ಣೆಗೆ. ಅಂದರೆ ಎಲ್ಲೋ ಒಂದು ಹೊಲದ ಬದುವಿನ ಮೇಲೆ ಅಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದು ರಾಜಮಹೇಂದ್ರಿ ನೋಡುತ್ತದೆ, ಇನ್ನೊಂದು ವಿಜಯವಾಡ. ಆ ಬದು ಯಾವುದು? ಪ್ರತಿ ಏರಿನ ನೆತ್ತಿಯಲ್ಲೂ ಇದೇ ಇರಬಹುದೇ ಅಂತ ಆಚೀಚೆ ನೋಡುತ್ತ ಹೋದೆ. ಸಿಕ್ಕಿತೆ ಅಂತ ಕೇಳಬೇಡಿ.

ಎರಿ ಭೂಮಿಯಲ್ಲಿ ಜೋಳ ತೆನೆ ಬಿಟ್ಟು ನಿಂತಿತ್ತು. ದೂರದಲ್ಲಿ ಯಾರದೋ ಹೊಲದಲ್ಲಿ ಶುಂಠಿ ಕೀಳಲು ಹೆಣ್ಣುಮಕ್ಕಳು ಆಗಲೇ ಬಂದಿದ್ದರು, ಹಸಿ ಶುಂಠಿಯ ಘಾಟು ರಸ್ತೆಯವರೆಗೂ. ಒಮ್ಮೆಲೇ ಜೋಳದ ಮೇಲಿಂದ ನೂರಾರು ಹಕ್ಕಿಗಳು ಒಂದೇ ಬಟ್ಟೆ ಝಾಡಿಸಿದಂತೆ ಎದ್ದವು. ಕಪ್ಪು ತಲೆ, ತಿಳಿಗುಲಾಬಿ ಮೈ. ಗುಲಾಬಿ ಕಬ್ಬಕ್ಕಿ! ಮರಿ ಮಾಡುವುದು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ, ಚಳಿಗಾಲಕ್ಕೆ ನಮ್ಮ ಜೋಳಕ್ಕೆ ನೆಂಟರು. ಅಲ್ಲಿ ಇವು ಮಿಡತೆ ತಿನ್ನುತ್ತವೆ ಅಂತ ಚೀನಾದ ಷಿನ್‌ಜಿಯಾಂಗ್‌ನಲ್ಲಿ ಕಲ್ಲಿನ ಗೂಡು ಕಟ್ಟಿಕೊಟ್ಟು ಕರೆಯುತ್ತಾರೆ. ಇಲ್ಲಿ ಹತ್ತು ವರ್ಷದ ಹುಡುಗನೊಬ್ಬ ತಗಡಿನ ಡಬ್ಬಿ ಬಡಿಯುತ್ತ ಅವುಗಳ ವಂಶವನ್ನೆಲ್ಲ ಬಯ್ಯುತ್ತಿದ್ದ. ಇಬ್ಬರದೂ ನ್ಯಾಯವೇ.

ಅದರಾಚೆಗಿನ ಕಡಲೆ ಹೊಲದಲ್ಲಿ ನಾನು ನಿಂತುಬಿಟ್ಟೆ.

ಮೊಳಕಾಲೆತ್ತರದ ಹಸಿರಿನ ಮೇಲೆ ಒಂದು ಬಿಳಿ ಧೋತರ ಉದ್ದಕ್ಕೆ ಹಾಸಿತ್ತು. ಒಣಹಾಕಿದ್ದಾರೆ ಅನ್ನೋಣವೆಂದರೆ ಇಬ್ಬನಿಯಲ್ಲಿ ಯಾರಾದರೂ ಬಟ್ಟೆ ಒಣಹಾಕುತ್ತಾರೆಯೆ? ಅದರ ಒಂದು ತುದಿಯಲ್ಲಿ ಮುದುಕಿಯೊಬ್ಬಳು ಬಗ್ಗಿ, ಬಟ್ಟೆಯನ್ನು ಗಿಡಗಳ ಮೇಲೆ ಮೆಲ್ಲಗೆ ಎಳೆಯುತ್ತಿದ್ದಳು, ಮಲಗಿದ ಕೂಸಿನ ಮೈ ಒರೆಸುವಂತೆ.

"ಏನ್ ಮಾಡಲತ್ತೀರಿ ಆಯಿ?" ಅಂದೆ.

"ಹುಳಿ ಹಿಡೀಲತ್ತೀನಿ, ತಮ್ಮಾ. ನೀ ಯಾರ ಮನಿಗಿ ಬಂದೀ?"

ಅಕ್ಕನ ಮನೆ ಹೆಸರು ಹೇಳಿದೆ. ಅದು ಸಾಕಾಯಿತು, ಧೋತರದ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟಳು. "ಎಳಿಬ್ಯಾಡ, ಸವರು. ಗಿಡಕ್ಕ ಪೆಟ್ಟಾಗ್ತದ." ಬೆರಳಿಗೆ ಬಟ್ಟೆ ತಣ್ಣಗೆ, ಭಾರವಾಗಿ, ಅಂಟಂಟು. ಬಗ್ಗಿ ನೋಡಿದರೆ ಒಂದೊಂದು ಕಡಲೆ ಎಲೆಯ ಮೈಮೇಲೂ ಸೂಕ್ಷ್ಮ ರೋಮ, ರೋಮದ ತುದಿಗೆ ಒಂದೊಂದು ಹನಿ. ಆ ಹನಿ ಇಬ್ಬನಿ ಮಾತ್ರವಲ್ಲ. ಅರ್ಧ ಆಕಾಶದ್ದು, ಅರ್ಧ ಗಿಡದ್ದು. ನೇಸರ ಇನ್ನೂ ಮೂಡಿರಲಿಲ್ಲ, ಆದರೂ ಹೊಲಕ್ಕೆ ಹೊಲವೇ ಗಾಜಿನ ಪುಡಿ ಎರಚಿದಂತೆ ಮಿನುಗುತ್ತಿತ್ತು. ಆಯಿ ಬದುವಿಗೆ ಬಂದು ಧೋತರ ಸುತ್ತಿ ಹಿಂಡಿದಳು. ಮೊದಲು ಒಂದು ಹನಿ, ಆಮೇಲೆ ನೂಲಿನಂಥ ಧಾರೆ, ಮಣ್ಣಿನ ಗಡಿಗಿಯೊಳಗೆ. "ನೆಕ್ಕು" ಅಂತ ಬೆರಳು ಚಾಚಿದಳು. ಅಯ್ಯೋ, ಆ ಹುಳಿ! ನಿಂಬೆಯಲ್ಲ, ಹುಣಸೆಯಲ್ಲ. ನಾಲಿಗೆ ತುದಿಗೆ ತಾಗಿದ್ದು ಕಿವಿಯ ಹಿಂದಿನವರೆಗೂ ಹೋಗಿ ಹಲ್ಲು ಜುಮ್ಮೆಂದವು, ಹಿಂದೆಯೇ ಒಂದು ಉಪ್ಪಿನ ಎಳೆ. ನನ್ನ ಮುಖ ನೋಡಿ ಆಯಿ ಬೊಚ್ಚು ಬಾಯಿ ತೆರೆದು ನಕ್ಕಳು.

"ದಿನಾ ಸಿಗ್ತದೇನು?"

"ಹ್ಯಾಂಗ ಸಿಗ್ತದ? ಮ್ವಾಡ ಇದ್ದ್ರ ಹನಿ ಬೀಳಂಗಿಲ್ಲ. ಗಾಳಿ ಬಿಟ್ರೂ ಇಲ್ಲ. ಬಿಸಲ್ ಬಿತ್ತಂದ್ರ ಹಾರೇ ಹೋಯ್ತು."

ಇಷ್ಟನ್ನೇ, ಹೆಚ್ಚೂ ಕಡಿಮೆ ಇದನ್ನೇ, ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಒಂದು ಪುಸ್ತಕ ಬರೆದು ಹೇಳಬೇಕಾಯಿತು! ಇಬ್ಬನಿ ಆಕಾಶದಿಂದ ಉದುರುತ್ತದೋ ನೆಲದಿಂದ ಏಳುತ್ತದೋ ಅಂತ ಪಂಡಿತರು ಜಗಳವಾಡುತ್ತಿದ್ದ ಕಾಲ ಅದು. ವೆಲ್ಸ್ ರಾತ್ರಿ ತೋಟದಲ್ಲಿ ಉಣ್ಣೆಯ ತುಪ್ಪುಳುಗಳನ್ನು ತೂಗಿ ಇಟ್ಟ, ಆಮೇಲೆ ಮತ್ತೆ ತೂಗಿದ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಉಣ್ಣೆ ಹೆಚ್ಚು ತೂಗಿತು. ಆಕಾಶಕ್ಕೆ ಕಾವು ಬಿಟ್ಟುಕೊಟ್ಟು ತಣ್ಣಗಾದ ವಸ್ತುವಿನ ಮೇಲೆ ಗಾಳಿಯ ತೇವ ಬಂದು ಕೂರುತ್ತದೆ, ಅದೇ ಇಬ್ಬನಿ ಅಂದ. ನನ್ನ ಕಾಲು ತಣ್ಣಗಾದದ್ದು, ಲಾರಿ ಸದ್ದು ಬಾಗಿದ್ದು, ಈ ಹನಿ ಕೂತದ್ದು ಎಲ್ಲಕ್ಕೂ ಒಂದೇ ಮೋಡವಿಲ್ಲದ ರಾತ್ರಿ ಕಾರಣ! ವೆಲ್ಸನ ಕೈಯಲ್ಲಿ ಉಣ್ಣೆ, ಆಯಿಯ ಕೈಯಲ್ಲಿ ಧೋತರ. ಆಯಿ ಪುಸ್ತಕ ಬರೆಯಲಿಲ್ಲ, ಶೀಶೆ ತುಂಬಿಸಿದಳು.

ಹುಳಿಯ ಪಾಲು ಗಿಡದ್ದು. ಆ ರೋಮಗಳಿಂದ ಸ್ರವಿಸುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಮ್ಯಾಲಿಕ್ ಅಂದರೆ ಸೇಬಿನ ಹುಳಿ, 1785ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ ಸೇಬಿನ ರಸದಿಂದ ಬೇರ್ಪಡಿಸಿದ್ದು. ಸೇಬು ಬೆಳೆಯದ ಈ ಬಯಲಿನಲ್ಲಿ ಸೇಬಿನ ಹುಳಿ ಎಲೆಯ ಮೇಲೇ ಬೆವರುತ್ತದೆ! ಗಿಡಕ್ಕೆ ಇದು ಶೃಂಗಾರವಲ್ಲ, ಕಾವಲು. ಮನ್ನಾಎಖೇಳ್ಳಿಯ ಅದೇ ಹೆದ್ದಾರಿ ಹಿಡಿದು ಹೈದರಾಬಾದ್ ಕಡೆ ಹೋದರೆ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಇದೆ, 1972ರಿಂದ ಕಡಲೆ, ತೊಗರಿ, ಜೋಳಗಳ ಮೇಲೆಯೇ ಸಂಶೋಧನೆ. ಕಾಯಿಕೊರಕ ಹುಳ ತಡೆಯುವ ಕಡಲೆ ತಳಿಗಳಲ್ಲಿ ಈ ಆಕ್ಸಾಲಿಕ್ ಆಮ್ಲ ಹೆಚ್ಚು, ಅದು ಮರಿಹುಳ ಬೆಳೆಯದಂತೆ ತಡೆಯುತ್ತದೆ ಅಂತ ಅಲ್ಲಿನವರು 1995ರಲ್ಲಿ ತೋರಿಸಿಕೊಟ್ಟರು. ಆಯಿಗೆ ಹುಳದ ವಿಷಯ ಹೇಳಿದೆ. "ಹುಳ ಅಷ್ಟೇ ಏನು, ಬರಿಗಾಲಲೆ ಹೊಕ್ಕ್ರ ನನ್ನ ಕಾಲೂ ಸುಡ್ತದ" ಅಂತ ಬಿರುಕು ಬಿಟ್ಟ ಹಿಮ್ಮಡಿ ತೋರಿಸಿದಳು. ಹೊಸ ಬಟ್ಟೆ ಹಾಸಿದರೆ ಅದನ್ನೂ ಸುಟ್ಟು ಜಾಳು ಮಾಡುತ್ತದಂತೆ. ಹಾಗಾಗಿ ಹಳೆಯದು. ಹಿತ್ತಾಳೆಯಲ್ಲಿ ಇಡಬಾರದು, ಮಣ್ಣು ಇಲ್ಲಾ ಗಾಜು. ಹೊಟ್ಟೆ ಕಟ್ಟಿದರೆ ನೀರಿಗೆ ಎರಡೇ ಹನಿ. ಮೂರನೆಯದು ಹಾಕಿದರೆ? "ಮೂರನೇದು ಯಾಕ ಹಾಕ್ತೀ?" ಅಂದಳು.

ಆರೂ ಮುಕ್ಕಾಲು ದಾಟಿತ್ತು. ಜೋಳದ ತೆನೆಗಳ ಮೇಲೆ ಮೊದಲ ಬಿಸಿಲು ಬಿದ್ದು, ಅಲ್ಲಿಂದ ಇಳಿದು ಕಡಲೆಗೆ ಬಂತು. ಎಂಥ ಕ್ಷಣ ಅದು! ಹೊಲವೆಲ್ಲ ಒಮ್ಮೆ ಹೊತ್ತಿಕೊಂಡಂತೆ ಬೆಳಗಿತು, ನೋಡುನೋಡುತ್ತಿದ್ದಂತೆ ಮಂಕಾಯಿತು. ಆಯಿ ಧೋತರ ಮಡಚಿದಳು. ಇವತ್ತಿನ ಅಂಗಡಿ ಮುಚ್ಚಿತು. ಸೊಂಟದ ಸಂಚಿಯಿಂದ ಒಂದು ಸಣ್ಣ ಔಷಧಿ ಶೀಶೆ ತೆಗೆದು, ಗಡಿಗಿಯಿಂದ ಬಸಿದು, ಮುಚ್ಚಳ ಬಿಗಿದು ಸೈಕಲಿನ ಬುಟ್ಟಿಗೆ ಹಾಕಿದಳು. ದುಡ್ಡಿಗೆ ಕೈ ಹಾಕಿದರೆ ಬೈದಳು.

ವಾಪಸ್ ಬರುವಾಗ ತುಳಿದದ್ದು ಹೇಗೋ ನೆನಪಿಲ್ಲ. ಆ ತಗ್ಗಿನಲ್ಲಿ ಚಳಿಯಿರಲಿಲ್ಲ, ಗಾಳಿಯ ಕೆರೆ ಬತ್ತಿತ್ತು. ಹೆದ್ದಾರಿ ತನ್ನ ಜಾಗಕ್ಕೆ ಹೋಗಿ ಸುಮ್ಮನಾಗಿತ್ತು. ಹುಣಸೆ ಮರಕ್ಕೆ ಇನ್ನೇನು ಐವತ್ತು ಮಾರು ಇದೆ ಅನ್ನುವಾಗ ಚೈನು ಕಳಚಿತು. ಸೈಕಲ್ ತಲೆಕೆಳಗೆ ನಿಲ್ಲಿಸಿ, ಕೈಯೆಲ್ಲ ಕಪ್ಪು ಮಾಡಿಕೊಂಡು, ಶೀಶೆ ಚೆಲ್ಲದಂತೆ ಜೇಬಿಗಿಟ್ಟುಕೊಂಡು ಚೈನು ಏರಿಸಿ ಹೋಗುವಷ್ಟರಲ್ಲಿ ಹುಣಸೆ ಎಲೆಯೆಲ್ಲ ಬಿಚ್ಚಿ, ಏನೂ ಆಗಿಯೇ ಇಲ್ಲವೆಂಬಂತೆ ತುಂಬು ಮರವಾಗಿ ನಿಂತಿತ್ತು.

ಅಂಗಳಕ್ಕೆ ಬಂದವನೇ ಶೀಶೆ ಎತ್ತಿ ಹಿಡಿದು ಅಕ್ಕನಿಗೆ ಒಂದೇ ಉಸಿರಲ್ಲಿ ಹೇಳತೊಡಗಿದೆ. ಧೋತರ, ಇಬ್ಬನಿ, ವೆಲ್ಸ್, ಸೇಬಿನ ಹುಳಿ, ಎಲ್ಲ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸದೆ ಕೇಳಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ, ಗೋಡೆಯ ಮಾಡಿನೊಳಗಿಂದ ಧೂಳು ಹಿಡಿದ ಒಂದು ಶೀಶೆ ತಂದು ನನ್ನ ಶೀಶೆಯ ಪಕ್ಕ ಇಟ್ಟಳು.

"ಇದು ಹ್ವಾದ ವರ್ಷದ್ದು" ಅಂದಳು. "ಸಣ್ಣಾಂವ ಇದ್ದಾಗ ಹೊಟ್ಟಿ ನೋವಂತ ಅತ್ತು ರಂಪ ಮಾಡ್ತಿದ್ದಿ ನೋಡು, ಆವಾಗ ಅವ್ವ ಮೂಗು ಹಿಡದು ಕುಡಸ್ತಿದ್ದದ್ದು ಏನಂತ ತಿಳದೀ?"